ಬೇಲೂರಿನ ಪ್ರತಿಷ್ಠಾಶಾಸನದ ಕಾಲವೂ ಗಣಕಯಂತ್ರದ ತಾರೀಖೂ

ಬೇಲೂರಿನ ಚೆನ್ನಕೇಶವ ದೇವಾಲಯದ ಮೂಲಮೂರ್ತಿಯನ್ನು ಹೊಯ್ಸಳ ವಿಷ್ಣುವರ್ಧನನು ವಿಜಯನಾರಾಯಣನೆಂಬ ಹೆಸರಿನಿಂದ ಪ್ರತಿಷ್ಠಾಪಿಸಿದನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಅಲ್ಲಿಯ ಶಾಸನವು ಈ ಪ್ರತಿಷ್ಠೆಯ ಕಾಲವನ್ನು ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರವೆಂದು ತಿಳಿಸುತ್ತದೆ. ಇದು ಕ್ರಿ.ಶ. 1117ನೆಯ ಮಾರ್ಚ್ 10ಕ್ಕೆ ಸರಿಹೊಂದುತ್ತದೆ. ಇಂತಹ ತಾರೀಖುಗಳನ್ನು ಜಾಲಪುಟಗಳಿಗಾಗಿ ಅಣಿಗೊಳಿಸುವವರು ಅವುಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ ಅನಿರೀಕ್ಷಿತವಾದ ಉತ್ತರಗಳು ದೊರೆಯುವುದುಂಟು. ಅವುಗಳ ಕಾರಣವನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜಾಲಪುಟಗಳನ್ನು ನಡೆಯಿಸುವ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ರಚಿಸಿದರು. ಬರೆಯುವವನು ತಾನೇ ನಿರ್ಮಿಸಬೇಕಾಗಿಲ್ಲದೆ, ಭಾಷೆಯಲ್ಲಿಯೇ ಅಡಕವಾಗಿರುವ ಕೆಲವು ವಸ್ತುಗಳು ಇದರಲ್ಲಿವೆ. ಕಾಲಗಣನೆಗೆ ಮೀಸಲಾದ ‘ಡೇಟ್’ ಅವುಗಳಲ್ಲೊಂದು. ಜಾವಾ ಎಂಬ ಇನ್ನೊಂದು ಭಾಷೆಯಿಂದ ಇದರ ಮಾದರಿಯನ್ನು ತೆಗೆದುಕೊಂಡುದರಿಂದ ಅಲ್ಲಿಯ ವಿಲಕ್ಷಣಗಳೂ ಇಲ್ಲಿಗೆ ಬಂದುವು.

ವರ್ಷ 1117, ತಿಂಗಳು 3, ದಿನ 10 ಎಂಬ ಮೂರು ಸಂಖ್ಯೆಗಳನ್ನು ಕೊಟ್ಟು ವಾರವನ್ನು ಕೇಳೋಣ. ಯಂತ್ರವು ಮಂಗಳವಾರವೆಂದು ಹೇಳುತ್ತದೆ. ವಾರ ತಿಥಿಗಳು ಕೂಡದ ಶಾಸನವನ್ನು ಕೂಟಶಾಸನವೆಂದು ಶಂಕಿಸುವ ಪದ್ಧತಿ ನಮ್ಮಲ್ಲಿರುವುದರಿಂದ, ಅವಸರದ ವಿದ್ಯಾರ್ಥಿಯು ಲಿಪಿಕಾರನ ಮೇಲೆಯೇ ದೋಷವನ್ನು ಹೊರಿಸಬಹುದು. ವಾಸ್ತವವಾಗಿ ‘ಡೇಟ್’ ವಸ್ತುವು ದಿನಗಳನ್ನು ಒಂದರಿಂದಲೂ ತಿಂಗಳುಗಳನ್ನು ಸೊನ್ನೆಯಿಂದಲೂ ಎಣಿಸುತ್ತದೆ. ಆದಕಾರಣ 3 ಎಂದರೆ ಏಪ್ರಿಲ್. ಮಾರ್ಚ್ ತಿಂಗಳಿಗೆ 2 ಎಂದು ಬರೆಯಬೇಕು.

ವರ್ಷದ ವಿಷಯದಲ್ಲಿಯೂ ಇಂತಹುದೇ ತೊಡಕುಂಟು. ಈ ವಸ್ತುವಿನ ‘ಗೆಟ್‌ಇಯರ್’ ಎಂಬ ಗುಣವು 1900ರಿಂದೀಚೆಗೆ ಕಳೆದ ವರ್ಷಗಳನ್ನು ಮಾತ್ರ ಕೊಡುವುದಕ್ಕೆ ಏರ್ಪಟ್ಟುದು. ಅದರ ಮುಂದೆ ‘19’ ಎಂದು ಸೇರಿಸಿ ತೋರಿಸುತ್ತಿದ್ದ ಪುಟಗಳು 2000ನೆಯ ಜನವರಿ 1ರಂದು 19100 ಎಂಬ ವರ್ಷವನ್ನು ಸಾರಿದುವು. ಪೂರ್ಣ ವರ್ಷವನ್ನು ಕೊಡುವ ‘ಗೆಟ್‌ಫುಲ್‌ಇಯರ್’ ಇದಕ್ಕೆ ಪರಿಹಾರ. ಶಕವರ್ಷದ ಆರಂಭವೆಂದು 78ನ್ನು ಕೊಟ್ಟರಂತೂ ಯಂತ್ರವು ಅದನ್ನು 1978ಕ್ಕೆ ಒಯ್ಯುತ್ತದೆ. 0ಯಿಂದ 99ರ ವರೆಗಿನ ವರ್ಷಗಳಿಗೆಲ್ಲ ಅದು 1900ನ್ನು ಕೂಡಿಸುವುದೇ ಇದಕ್ಕೆ ಕಾರಣ. ‘ಸೆಟ್‌ಫುಲ್‌ಇಯರ್’ ಎಂಬುದರಿಂದ ಇದನ್ನು ಸರಿಪಡಿಸಬಹುದು. ಎಣಿಕೆಯ ಆದಿ ಯಾವುದೆಂಬ ಪ್ರಶ್ನೆಯು ಶಾಸನಾಭ್ಯಾಸಿಗಳಿಗೆ ಹೊಸದೇನಲ್ಲ. ಶಕ 1039 ಎಂಬುದು ಗತವರ್ಷವೋ ವರ್ತಮಾನ ವರ್ಷವೋ ಎಂಬುದನ್ನು ಹೇವಿಳಂಬಿಯೆಂಬ ಹೆಸರನ್ನು ನೋಡಿಯೇ ನಾವು ಗತವೆಂದು ತಿಳಿಯುತ್ತೇವೆ.

ತಿಂಗಳನ್ನು ತಿದ್ದಿ ಮತ್ತೆ ಕೇಳಿದರೆ ಯಂತ್ರವು ಶನಿವಾರವೆನ್ನುತ್ತದೆ. ಪರೀಕ್ಷೆಯು ಮುಗಿಯಿತೆಂದು ತೋರುವುದು ಸಹಜ. ನಿಜವಾದ ಅಪಾಯವಿರುವುದು ಇಲ್ಲಿಯೇ. ವಿದ್ವಾಂಸರು ಕೊಡುವ ಮಾರ್ಚ್ 10 ಜೂಲಿಯನ್ ಪಂಚಾಂಗದ ದಿನ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪಂಚಾಂಗವನ್ನೇ ಯಂತ್ರವು ಹಿಂದಿನ ಕಾಲಕ್ಕೂ ಅನ್ವಯಿಸುತ್ತದೆ. ಆ ಗಣನೆಯಂತೆ ಪ್ರತಿಷ್ಠೆಯ ದಿನವು ಮಾರ್ಚ್ 17 ಆಗಬೇಕು. ಯಂತ್ರವು ತೋರಿಸಿದ ಶನಿವಾರವು ಅದಕ್ಕೆ ಏಳು ದಿನ ಹಿಂದಿನದು. ಯುಗಾದಿಗೆ ಮೊದಲು, ಫಾಲ್ಗುಣ ಬಹುಳದಲ್ಲಿ, ದುರ್ಮುಖಿ ಸಂವತ್ಸರದಲ್ಲಿ ಬರುವಂತಹುದು. ವ್ಯತ್ಯಾಸವು ಸರಿಯಾಗಿ ಒಂದು ವಾರವಾದುದರಿಂದ ವಾರದ ಹೆಸರು ಕೂಡಿಬಂದು ತಪ್ಪು ಮರೆಯಾಯಿತು.

ಈ ಏಳು ದಿನಗಳ ಅಂತರವು 1100ರ ಮಾರ್ಚ್ ತಿಂಗಳಿಂದ 1300ರ ಫೆಬ್ರವರಿಯ ವರೆಗೆ, ಎಂದರೆ ಹೊಯ್ಸಳರ ಉಚ್ಛ್ರಾಯಕಾಲದುದ್ದಕ್ಕೂ, ಬದಲಾಗುವುದಿಲ್ಲ. ಬೇಲೂರು ಹಳೇಬೀಡುಗಳ ಆ ಕಾಲದ ಶಾಸನಗಳಿಂದ ಮಾತ್ರವೇ ವಾರಗಳನ್ನು ಪರೀಕ್ಷಿಸಿದವನಿಗೆ ಈ ದೋಷವು ಎಂದಿಗೂ ಗೋಚರಿಸಲಾರದು. ಬೇರೆ ಕಾಲದ ಒಂದು ಉದಾಹರಣೆಯಿಂದ ಅದು ಬಯಲಾಗುತ್ತದೆ. ರಕ್ಕಸತಂಗಡಿಯ ಯುದ್ಧವು 1565ನೆಯ ಜನವರಿ 23, ಮಂಗಳವಾರ ನಡೆಯಿತು. ಇದೇ ತಾರೀಖನ್ನು ಯಂತ್ರವು ಶನಿವಾರವೆನ್ನುತ್ತದೆ; ಆ ವೇಳೆಗೆ ಅಂತರವು ಹತ್ತು ದಿನಗಳಾಗಿದ್ದಿತು.

ಇದರಿಂದ ತಿಳಿಯುವುದೇನೆಂದರೆ, ಒಂದು ಸಾಕ್ಷ್ಯವು ಕೂಡಿಬಂದ ಮಾತ್ರಕ್ಕೆ ನಿರ್ಣಯವು ಸಿದ್ಧವಾಗುವುದಿಲ್ಲ. ನಮ್ಮ ಶಾಸನಕಾರರು ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಒಟ್ಟಿಗೆ ಬರೆದುದರಿಂದ ಒಂದರ ತಪ್ಪನ್ನು ಮತ್ತೊಂದು ಹಿಡಿಯಬಲ್ಲುದಾಗಿದೆ. ಬೇಲೂರಿನ ವಿಷಯದಲ್ಲಿ ವಾರವು ಮುಚ್ಚಿದ ತಪ್ಪನ್ನು ತಿಥಿಯೂ ಸಂವತ್ಸರವೂ ತೆರೆದು ತೋರಿಸಿದುವು. ಆದುದರಿಂದ ಜಾಲಪುಟಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಶಾಸನದ ಮೂಲವಾಕ್ಯವನ್ನು ತಾರೀಖಿನ ಪಕ್ಕದಲ್ಲಿಯೇ ಉಳಿಸಿಕೊಳ್ಳಬೇಕು. ಯಾವ ಪಂಚಾಂಗದ ದಿನವೆಂಬುದನ್ನು ನಮೂದಿಸಬೇಕು. ಜೂಲಿಯನ್ ದಿನವನ್ನು ಪರಿವರ್ತಿಸಿದ ಮೇಲೆಯೇ ಯಂತ್ರಕ್ಕೆ ಕೊಡಬೇಕು. ಬಂದ ಉತ್ತರವನ್ನು 1922ರಲ್ಲಿ ಪ್ರಕಟವಾದ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳೊಡನೆ ತಾಳೆ ನೋಡಬೇಕು. ಯಂತ್ರವು ತನ್ನ ನಿಯಮವನ್ನು ತಪ್ಪದೆ ಪಾಲಿಸುತ್ತದೆ. ಆ ನಿಯಮವನ್ನು ಅರಿಯದೆ ಒಂಬತ್ತು ಶತಮಾನಗಳ ಹಿಂದಿನ ಲಿಪಿಕಾರನನ್ನು ಆಕ್ಷೇಪಿಸುವುದು ಇತಿಹಾಸಕಾರನಿಗೆ ಸಲ್ಲದು.