ನೆಗ್ಗು ಮತ್ತು ಸುತ್ತಿಗೆ: ಹೈದರಾಬಾದಿನ ಹಳೆಯ ಕಾರುಗಳ ತಗಡಿನ ಚರಿತ್ರೆ

ಹಿತ್ತಾಳೆಯ ಚೊಂಬು ಕೈಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದರೆ ಅದು ನೆಗ್ಗಿತು ಎನ್ನುತ್ತೇವೆ. ಮಡಕೆ ಒಡೆಯುತ್ತದೆ, ಚೊಂಬು ನೆಗ್ಗುತ್ತದೆ. ಮಣ್ಣಿಗೂ ಲೋಹಕ್ಕೂ ಇರುವ ಈ ವ್ಯತ್ಯಾಸವನ್ನು ಕನ್ನಡ ಬೇರೆ ಬೇರೆ ಕ್ರಿಯಾಪದಗಳಲ್ಲೇ ಇಟ್ಟುಕೊಂಡಿದೆ. ಆದರೆ ಅದೇ ಬಗೆಯ ಪೆಟ್ಟು ಕಾರಿನ ಬಾಗಿಲಿಗೆ ಬಿದ್ದಾಗ ನಮ್ಮ ಬಾಯಿಂದ ಹೊರಡುವ ಮಾತು ‘ಡೆಂಟ್’. ಹೈದರಾಬಾದಿನ ತೆಲುಗರು ಅದನ್ನು ‘ಸೊಟ್ಟ’ ಎನ್ನುತ್ತಾರೆ. ನಮಗೆ ಸೊಟ್ಟವೆಂದರೆ ವಕ್ರ, ಅವರಿಗೆ ತಗ್ಗು. ಕೆನ್ನೆಯ ಗುಳಿಗೂ ಅವರಲ್ಲಿ ಅದೇ ಪದ. ದಖನಿ ಮಾತಿನ ಗ್ಯಾರೇಜುಗಳಲ್ಲಿ ಈ ಕೆಲಸ ‘ಡೆಂಟಿಂಗ್-ಪೇಂಟಿಂಗ್’; ಬೆಂಗಳೂರು, ಮೈಸೂರುಗಳ ಫಲಕಗಳಲ್ಲಿ ‘ಟಿಂಕರಿಂಗ್’. ಇಂಗ್ಲೆಂಡಿನಲ್ಲಿ ಟಿಂಕರ್ ಎಂದರೆ ಊರೂರು ಅಲೆದು ಪಾತ್ರೆಗಳ ತೂತು ಮುಚ್ಚುತ್ತಿದ್ದವನು, ನಮ್ಮ ಕಲಾಯಿಯವನ ದೂರದ ಬಂಧು. ಪಾತ್ರೆಯ ಕಸುಬೇ ಮೋಟಾರಿನ ಕಸುಬಾಯಿತೆಂಬ ಸಂಗತಿ ಆ ಒಂದು ಪದದಲ್ಲೇ ಉಳಿದುಕೊಂಡಿದೆ.

ಹಳೆಯ ಕಾರಿನ ನೆಗ್ಗನ್ನು ಮನೆಯಂಗಳದಲ್ಲೇ ತಟ್ಟಿ ಸರಿಪಡಿಸುವುದು ಒಂದು ಕಾಲಕ್ಕೆ ಸಹಜವಾಗಿತ್ತು. ಅಮೀರ್‌ಪೇಟ್‌ನ ಇಂದಿನ ಓಣಿಗಳಲ್ಲಿ ನಿಂತು ನೋಡಿದರೆ ಅದು ಯಾವುದೋ ಪುರಾಣದ ಮಾತಿನಂತೆ ಕೇಳಿಸಬಹುದು. ಬಡಿದರೆ ಬಗ್ಗುವ ಉಕ್ಕಿನ ತಗಡು, ಬಡಿಯಲು ಬಲ್ಲ ಕೈ, ಬದಲಿ ಭಾಗ ಸಿಗದ ಅಭಾವ ಈ ಮೂರೂ ಒಂದೆಡೆ ಸೇರಿದ ಕೆಲವು ದಶಕಗಳಲ್ಲಷ್ಟೇ ಅದು ಸಾಧ್ಯವಾಗಿತ್ತು. ಆ ದಶಕಗಳು ಹೇಗೆ ಬಂದವು, ಹೇಗೆ ಮುಗಿಯುತ್ತಿವೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮೊದಮೊದಲು ಕಾರಿನ ಮೈ ಬಡಗಿಯ ಕೆಲಸವಾಗಿತ್ತು. ಚಕ್ರ, ಎಂಜಿನ್, ಚೌಕಟ್ಟುಗಳನ್ನು ಒಂದು ಕಂಪನಿ ಕಟ್ಟಿದರೆ, ಸಾರೋಟು ಮಾಡುತ್ತಿದ್ದ ಮನೆತನಗಳು ಅದರ ಮೇಲೆ ಮರದ ಹಂದರ ನಿಲ್ಲಿಸಿ ಲೋಹದ ಹೊದಿಕೆ ಹಾಕುತ್ತಿದ್ದವು. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದಕ್ಕೆ ಸಾಕ್ಷಿ. ಅದನ್ನು ತರಿಸಲು ಹೇಳಿದವನು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. 1911ರಲ್ಲಿ, ಕಾರು ಕೈಸೇರುವ ಮುನ್ನವೇ ಆತ ತೀರಿಕೊಂಡ. ಅದರ ಮೈಯನ್ನು ಕಟ್ಟಿದ್ದು ಲಂಡನ್ನಿನ ಸಾರೋಟು ತಯಾರಕರಾದ ಬಾರ್ಕರ್ ಮನೆತನ. ಅಂಥ ವಾಹನಕ್ಕೆ ಪೆಟ್ಟಾದರೆ ಬಡಗಿಯೂ ಕಂಚುಗಾರನೂ ಒಟ್ಟಿಗೆ ಬೇಕಾಗುತ್ತಿತ್ತು.

ಅಮೆರಿಕದ ಎಡ್ವರ್ಡ್ ಬಡ್ ಈ ಕ್ರಮವನ್ನು ಬದಲಿಸಿದ. ಉಕ್ಕಿನ ತಗಡನ್ನು ಭಾರೀ ಅಚ್ಚುಗಳ ನಡುವೆ ಒತ್ತಿ, ತುಂಡುಗಳನ್ನು ಬೆಸೆದು, ಮರದ ಹಂಗಿಲ್ಲದ ಮೈಯನ್ನು ಆತ ಮಾಡತೊಡಗಿದ. 1914ರಲ್ಲಿ ಡಾಡ್ಜ್ ಸಹೋದರರು ಅವನಿಂದ ಇಂಥ ಮೈಗಳನ್ನು ಸಾವಿರಗಟ್ಟಲೆ ಕೊಳ್ಳಲು ಒಪ್ಪಿದರು. ಆ ಬಳಿಕ ಕೆಲವೇ ದಶಕಗಳಲ್ಲಿ ಜಗತ್ತಿನ ಸಾಮಾನ್ಯ ಕಾರುಗಳೆಲ್ಲ ಒತ್ತಿದ ತಗಡಿನವಾದವು. ಹಳೆಯ ಕಾರುಗಳಲ್ಲಿ ಆ ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರು. ನಾವು ‘ಡೆಂಟ್’ ಎನ್ನುವುದು ಹುಟ್ಟಿದ್ದು ಈ ತಗಡಿನಲ್ಲಿ.

ತಗಡಿಗೊಂದು ಸ್ವಭಾವವಿದೆ. ಒಂದು ಮಿತಿಯವರೆಗೆ ಬಾಗಿಸಿದರೆ ಅದು ತಾನಾಗಿಯೇ ಹಿಂದಿರುಗುತ್ತದೆ, ಮಿತಿ ಮೀರಿದರೆ ಬಾಗಿದಂತೆಯೇ ನಿಲ್ಲುತ್ತದೆ. ನೆಗ್ಗಿದ ಜಾಗದಲ್ಲಿ ಈ ಎರಡೂ ಬೆರೆತಿರುತ್ತವೆ. ಸುತ್ತಲಿನ ಏಣು ಮಿತಿ ಮೀರಿ ಮಡಿಚಿಕೊಂಡಿರುತ್ತದೆ. ನಡುವಿನ ತಗ್ಗು ಹಿಂದಿರುಗಲು ಹವಣಿಸುತ್ತಿದ್ದರೂ ಆ ಏಣಿನ ಸೆರೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಬಲ್ಲವನು ತಗ್ಗಿನ ನಡುವೆ ಸುತ್ತಿಗೆ ಹಾಕುವುದಿಲ್ಲ. ಪೆಟ್ಟು ಬಿದ್ದ ಕ್ರಮಕ್ಕೆ ತಿರುವುಮುರುವಾಗಿ, ಕೊನೆಗೆ ಎದ್ದ ಏಣನ್ನು ಮೊದಲು ಮೆಲ್ಲಗೆ ತಟ್ಟಿ ಇಳಿಸುತ್ತಾನೆ. ಒಳಗಿನಿಂದ ಗಟ್ಟಿ ಕಬ್ಬಿಣದ ಆಸರೆ ಕೊಡುತ್ತಾನೆ. ಆ ಆಸರೆಗೆ ಗ್ಯಾರೇಜಿನಲ್ಲಿ ‘ಡಾಲಿ’ ಎಂದು ಹೆಸರು. ಏಣು ಸಡಿಲವಾದಂತೆ ನಡುವಿನ ತಗಡು ಬಹುಪಾಲು ತಾನೇ ಮೇಲೇಳುತ್ತದೆ. ಅವಸರಪಟ್ಟು ನಡುವೆಯೇ ಬಡಿದರೆ ತಗಡು ತೆಳ್ಳಗಾಗಿ ಹಿಗ್ಗುತ್ತದೆ, ಎಣ್ಣೆ ಡಬ್ಬಿಯ ತಳದಂತೆ ಒಳಕ್ಕೂ ಹೊರಕ್ಕೂ ಟಪ್ಪೆನ್ನತೊಡಗುತ್ತದೆ. ಹಿಗ್ಗಿದ್ದನ್ನು ಕುಗ್ಗಿಸಬೇಕಾದರೆ ನಾಣ್ಯದಗಲದ ಜಾಗವನ್ನು ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಬೇಕು.

ಈ ವಿದ್ಯೆ ದಖನಿಗೆ ಹೊಸದಾಗಿರಲಿಲ್ಲ. ಬೀದರಿನ ಬಿದರಿ ಎರಕದ ಕಲೆ. ಅಲ್ಲಿ ಲೋಹವನ್ನು ಅಚ್ಚಿಗೆ ಹೊಯ್ದು ಬೆಳ್ಳಿ ಕೂರಿಸುತ್ತಾರೆ. ಕಾರಿನ ತಗಡಿಗೆ ಹತ್ತಿರವಾದುದು ವರಂಗಲ್ ದಾರಿಯಲ್ಲಿರುವ ಪೆಂಬರ್ತಿಯ ಕೆಲಸ. ಅಲ್ಲಿನ ಕಸುಬುದಾರರು ಹಿತ್ತಾಳೆಯ ತಗಡನ್ನು ಹಿಂದಿನಿಂದ ತಟ್ಟಿ ಉಬ್ಬುಚಿತ್ರ ಮೂಡಿಸುತ್ತಾರೆ. ದೇವರ ರಥ, ವಾಹನಗಳಿಗೆ ಹೊದಿಕೆ ಮಾಡುತ್ತಾರೆ. ಚಾರ್‌ಮಿನಾರಿನ ಸುತ್ತಲ ಓಣಿಗಳಲ್ಲಿ ಬೆಳ್ಳಿಯ ವರ್ಕ್ ಬಡಿಯುವ ಸದ್ದು ತಲೆಮಾರುಗಳಿಂದ ಕೇಳಿಬಂದಿದೆ. ಬಡಿದಷ್ಟೂ ಲೋಹ ಬಿರುಸಾಗುತ್ತದೆ, ಕಾಯಿಸಿದರೆ ಮತ್ತೆ ಹದಕ್ಕೆ ಬರುತ್ತದೆ ಎಂಬುದನ್ನು ಕಂಚುಗಾರನಿಗೆ ಯಾವ ಪಠ್ಯಪುಸ್ತಕವೂ ಕಲಿಸಬೇಕಾಗಿರಲಿಲ್ಲ.

ಕೈಕಸುಬು ಕಾರ್ಖಾನೆಯ ಕಸುಬಾದುದು ಬಸ್ಸುಗಳಿಂದ. ನಿಜಾಮನ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರ ಜೂನ್ ತಿಂಗಳಲ್ಲಿ 27 ಬಸ್ಸು, 166 ನೌಕರರೊಡನೆ ಆರಂಭವಾಯಿತು. ಬೀದರ್, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನದೊಳಗಿದ್ದ ಜಿಲ್ಲೆಗಳು. 1942ರಲ್ಲಿ ಆಲ್ವಿನ್ ಮೆಟಲ್ ವರ್ಕ್ಸ್ ಸ್ಥಾಪನೆಯಾಯಿತು. ಅದರ ನೆಲೆಯಾದ ಸನತ್‌ನಗರ ಅಮೀರ್‌ಪೇಟ್‌ನಿಂದ ಕೆಲವೇ ಕಿಲೋಮೀಟರು. ಆಲ್ವಿನ್ ಬಸ್ಸಿನ ಮೈಗಳನ್ನು ಕಟ್ಟಿತು, ಮುಂದೆ ಫ್ರಿಜ್ಜುಗಳನ್ನೂ ಮಾಡಿತು. ಎರಡೂ ತಗಡನ್ನು ಕತ್ತರಿಸಿ, ಮಡಿಸಿ, ಬೆಸೆದು, ಬಣ್ಣ ಹೊಡೆಯುವ ಕೆಲಸವೇ. ಬೆಂಗಳೂರಿನಲ್ಲಿ ಇದಕ್ಕೆ ಸಮಾನಾಂತರವಾದ ಕಥೆಯೊಂದಿದೆ. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಮಹಾಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ಬಸ್ಸಿನ ಮೈಗಳನ್ನೂ ರೈಲುಡಬ್ಬಿಗಳನ್ನೂ ಮಾಡಿತು. ಪಾತ್ರೆಯ ಓಣಿಯ ಸುತ್ತಿಗೆಗೆ ಹೀಗೆ ಎರಡು ನಗರಗಳಲ್ಲಿಯೂ ದೊಡ್ಡ ಕಾರ್ಯಕ್ಷೇತ್ರ ದೊರೆಯಿತು.

ಇನ್ನುಳಿದದ್ದು ಅಭಾವ. 1950ರ ದಶಕದ ನಡುವಿನ ಹೊತ್ತಿಗೆ ಜನರಲ್ ಮೋಟಾರ್ಸ್, ಫೋರ್ಡ್‌ಗಳು ಭಾರತದಿಂದ ಹೊರಟುಹೋಗಿದ್ದವು. ಭಾಗಗಳನ್ನು ಇಲ್ಲಿಯೇ ತಯಾರಿಸಬೇಕೆಂಬ ಸರ್ಕಾರದ ನೀತಿ ಅವಕ್ಕೆ ಒಗ್ಗಲಿಲ್ಲ. ಉಳಿದದ್ದು ಮುಖ್ಯವಾಗಿ ಮೂರು ಕಾರುಗಳು. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಿಂದ ಬಂದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ಕಟ್ಟಿದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಿರುವಾಗ ನೆಗ್ಗಿದ ಮಡ್‌ಗಾರ್ಡನ್ನು ಬಿಸಾಡುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಕಾರು ಒಂದು ಸಂಸಾರದ ಆಸ್ತಿ; ಅದರ ತಗಡನ್ನು ಉಳಿಸಿಕೊಳ್ಳುವುದು ಛಾವಣಿಯ ಹೆಂಚನ್ನು ಉಳಿಸಿಕೊಂಡಂತೆ.

ಆ ಕಾಲದ ಕಾರಿನ ರಚನೆಯೂ ಮನೆಕೆಲಸಕ್ಕೆ ಅನುಕೂಲವಾಗಿತ್ತು. ಅಂಬಾಸಿಡರಿನ ಮಡ್‌ಗಾರ್ಡಿನ ಒಳಮೈಗೆ ಚಕ್ರದ ಕಡೆಯಿಂದ ಕೈ ಹೋಗುತ್ತಿತ್ತು. ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿದರೆ ತಗಡಿನ ಬೆನ್ನು ಕಾಣುತ್ತಿತ್ತು. ಬೇಕಾದದ್ದು ಒಂದು ಮರದ ಕೊಡತಿ, ಚಪ್ಪಟೆ ಮುಖದ ಸುತ್ತಿಗೆ, ಡಾಲಿಯಾಗಿ ರೈಲುಹಳಿಯ ಒಂದು ತುಂಡು. ಕಣ್ಣಿಗೆ ಕಾಣದ ಏರುತಗ್ಗನ್ನು ಅಂಗೈ ಕಂಡುಹಿಡಿಯುತ್ತದೆ. ಬಟ್ಟೆಯ ಮೇಲಿಂದ ಅಂಗೈ ಸವರಿದರೆ ಇನ್ನೂ ಸ್ಪಷ್ಟ. ಉಳಿದ ಸಣ್ಣ ತಗ್ಗುಗಳಿಗೆ ಹಿಂದೆ ಸೀಸ ಬೆರೆತ ಬೆಸುಗೆಯನ್ನು ಕರಗಿಸಿ ತುಂಬುತ್ತಿದ್ದರು. ಮುಂದೆ ಆ ಜಾಗಕ್ಕೆ ಪುಟ್ಟಿ ಬಂತು. ಆಮೇಲೆ ವಾಟರ್ ಪೇಪರಿನಿಂದ ಉಜ್ಜುವುದು, ಪ್ರೈಮರ್, ಬಣ್ಣ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದ ‘ಡ್ಯೂಕೊ’ ಎಂಬ ಬೇಗ ಒಣಗುವ ಬಣ್ಣದ ಹೆಸರು ನಮ್ಮಲ್ಲಿ ಎಷ್ಟು ನಿಂತುಬಿಟ್ಟಿತೆಂದರೆ, ಕಬ್ಬಿಣದ ಬೀರುವಿಗೆ ಹೊಡೆಯುವ ಬಣ್ಣವೂ ಡ್ಯೂಕೊ ಆಯಿತು.

ಪುಟ್ಟಿ ಉಪಕಾರವನ್ನೂ ಮಾಡಿತು, ಅಪಕಾರವನ್ನೂ ಮಾಡಿತು. ತೆಳುವಾಗಿ ಬಳಿದರೆ ಅದು ಒಳ್ಳೆಯ ಕೆಲಸದ ಕೊನೆಯ ಲೇಪ. ದಪ್ಪಗೆ ಮೆತ್ತಿದರೆ ಮಾಡದ ಕೆಲಸದ ಮುಸುಕು. ದಪ್ಪ ಪುಟ್ಟಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ನಿಲ್ಲುತ್ತದೆ, ಒಳಗೊಳಗೇ ತುಕ್ಕು ಹರಡುತ್ತದೆ. ಹಳೆಯ ಕಾರು ಕೊಳ್ಳುವವರು ಅಯಸ್ಕಾಂತ ಹಿಡಿದು ನೋಡುವುದು ಇದಕ್ಕಾಗಿಯೇ. ಅಯಸ್ಕಾಂತ ಕಚ್ಚಿಕೊಂಡರೆ ಉಕ್ಕು ಹತ್ತಿರದಲ್ಲೇ ಇದೆ. ಜಾರಿದರೆ ಅಲ್ಲಿ ಯಾರೋ ಅವಸರಪಟ್ಟಿದ್ದಾರೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು; 1993ರಲ್ಲಿ ಕಾರು ತಯಾರಿಕೆ ಲೈಸೆನ್ಸಿನ ಕಟ್ಟಿನಿಂದ ಬಿಡುಗಡೆ ಪಡೆಯಿತು. ತಗಡು ತೆಳ್ಳಗಾಯಿತು, ಬಂಪರು ಪ್ಲಾಸ್ಟಿಕ್ಕಿನದಾಯಿತು, ಬದಲಿ ಭಾಗ ಅಂಗಡಿಯಲ್ಲಿ ಸಿಗತೊಡಗಿತು. ಬಿಸಿನೀರು ಸುರಿದು ನೆಗ್ಗು ಎಬ್ಬಿಸುವ ಉಪಾಯ ಈ ಪ್ಲಾಸ್ಟಿಕ್ ಬಂಪರಿಗೆ ತಕ್ಕದ್ದು. ಉಕ್ಕಿನ ಏಣಿಗೆ ಅದು ಏನೂ ಮಾಡದು. ಅಪಘಾತದ ಪೆಟ್ಟನ್ನು ತಾನು ನುಂಗಿ ಒಳಗಿನವರನ್ನು ಉಳಿಸಲೆಂದೇ ಮುದುಡುವ ಭಾಗಗಳು, ಕಾಯಿಸಿದರೆ ಬಲಗುಂದುವ ಗಟ್ಟಿ ಉಕ್ಕು ಇಂದಿನ ಕಾರುಗಳಲ್ಲಿವೆ. ಅವನ್ನು ಹಳೆಯ ರೀತಿಯಲ್ಲಿ ತಟ್ಟಿ ನೆಟ್ಟಗೆ ಮಾಡುವುದು ಅಪಾಯ. ಪ್ರಾಣ ಉಳಿಸುವ ಬದಲಾವಣೆಯನ್ನು ನಾವು ಗೊಣಗದೆ ಒಪ್ಪಬೇಕು. ಆದರೆ ಬಾಗಿಲಿನ ಸಣ್ಣ ತಗ್ಗಿಗೂ ಇಡೀ ಬಾಗಿಲನ್ನೇ ಬದಲಿಸುವ ಅಭ್ಯಾಸಕ್ಕೆ ಸುರಕ್ಷತೆ ಕಾರಣವಲ್ಲ. ಕೈಕೆಲಸದ ಗಂಟೆಗಳಿಗಿಂತ ಹೊಸ ಭಾಗದ ಲೆಕ್ಕ ಸುಲಭ, ಅಷ್ಟೇ.

ಅಮೀರ್‌ಪೇಟ್ ಕೂಡ ಬದಲಾಯಿತು. ಇಂದು ದೇಶದಾದ್ಯಂತ ಅದರ ಹೆಸರು ಕಂಪ್ಯೂಟರ್ ತರಬೇತಿ ಕೇಂದ್ರಗಳಿಂದ ಪರಿಚಿತ. 2017ರ ನವೆಂಬರಿನಲ್ಲಿ ಮೆಟ್ರೊ ಬಂದ ಮೇಲೆ ಅದು ನಗರದ ದೊಡ್ಡ ಕೂಡುನಿಲ್ದಾಣ. ಅಂಗಳಗಳು ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಾದವು. ಸುತ್ತಿಗೆಯ ಸದ್ದು ನೆರೆಯವರ ದೂರಿಗೆ ಕಾರಣವಾಗುತ್ತದೆ. ಆದರೂ ಸ್ವಲ್ಪ ದೂರದ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಹಳೆಯ ಉಪಕರಣಗಳು ಸಿಗುತ್ತವೆ. ರಾಣಿಗಂಜಿನಲ್ಲಿ ಹಾರ್ಡ್‌ವೇರ್, ಮೋಟಾರು ಭಾಗಗಳ ಅಂಗಡಿಗಳ ಸಾಲೇ ಇದೆ.

ಹಳೆಯ ಕಾರಿನ ಒಡೆಯರ ಮುಂದೆ ಈಗ ಕಾನೂನಿನ ಪ್ರಶ್ನೆಯೂ ಇದೆ. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಅದರ ಶುಲ್ಕ 600 ರೂಪಾಯಿಗಳಿಂದ 5,000ಕ್ಕೆ ಏರಿತು. ಹೊಗೆಯುಗುಳುವ, ಅಡಿಯ ತಗಡು ತುಕ್ಕು ತಿಂದ ವಾಹನ ಗುಜರಿಗೆ ಹೋಗುವುದೇ ಸರಿ. ಆದರೆ ಎಂಜಿನ್ ಗಟ್ಟಿಮುಟ್ಟಾಗಿದ್ದು ಮೈ ಮಾತ್ರ ನೆಗ್ಗಿದೆಯೆಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡುವ ಮುನ್ನ ಒಂದು ಭಾನುವಾರ ಕೊಡಬಹುದು. ಬ್ಯಾಟರಿಯ ತಂತಿ ಬಿಚ್ಚಿ, ಹಳೆಯ ಬಣ್ಣದ ಧೂಳಿನಲ್ಲಿ ಸೀಸವಿರಬಹುದಾದ್ದರಿಂದ ಮೂಗು-ಬಾಯಿ ಮುಚ್ಚಿ, ಒಣಗಿ ಉಜ್ಜದೆ ನೀರು ಹಾಕಿ ಉಜ್ಜಿ, ಬೆಂಕಿಯ ಕೆಲಸವನ್ನು ಮಾತ್ರ ಗ್ಯಾರೇಜಿಗೆ ಬಿಟ್ಟರೆ, ಉಳಿದದ್ದು ತಾಳ್ಮೆಯುಳ್ಳ ಯಾರಿಗೂ ದಕ್ಕುವ ಕೆಲಸ.

ಇನ್ನೂ ಒಳ್ಳೆಯದು, ಬಲ್ಲವರ ಪಕ್ಕದಲ್ಲಿ ಕುಳಿತು ನೋಡುವುದು. ಸನತ್‌ನಗರದ ಕಾರ್ಖಾನೆಗಳ ಕಾಲವನ್ನು ಕಂಡ ಕಸುಬುದಾರರಿಗೆ ಈಗ ವಯಸ್ಸಾಗಿದೆ. ಬಸ್ಸುಗಳ ಸಂಖ್ಯೆ, ಶುಲ್ಕ, ತಾರೀಖುಗಳು ದಾಖಲೆಗಳಲ್ಲಿ ಉಳಿದಿವೆ. ಏಣಿನ ಯಾವ ತುದಿಯಿಂದ ಮೊದಲ ಪೆಟ್ಟು ಆರಂಭಿಸಬೇಕು, ಎಷ್ಟು ಹಗುರಾಗಿ ಹಾಕಬೇಕು ಎಂಬ ಅರಿವು ಅವರ ಅಂಗೈಯಲ್ಲಷ್ಟೇ ಇದೆ. ಅದನ್ನು ಕೇಳಿ ಪಡೆಯಲು ನಮಗೆ ಉಳಿದಿರುವ ವರ್ಷಗಳು ಹೆಚ್ಚಿಲ್ಲ.