ಶೃಂಗೇರಿಯ ಶಾಸನವೂ ಗಣಕದ ಪದಾರ್ಥವಿಭಾಗವೂ

ಒಂದು ವಿಷಯದ ಪದಾರ್ಥಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ಗಣಕಯಂತ್ರವು ಗ್ರಹಿಸುವಂತೆ ವಿಂಗಡಿಸಿಡುವ ವ್ಯವಸ್ಥೆಗೆ ‘ಆಂಟಾಲಜಿ’ ಎಂದು ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಪ್ರೊಟೆಜೆ’ ತಂತ್ರಾಂಶದಲ್ಲಿ ಇದರ ಮೊದಲ ಪಾಠಗಳನ್ನು ಪಿಟ್ಸಾದ ಉದಾಹರಣೆಯಿಂದ ಕಲಿಸುವುದು ವಾಡಿಕೆ. ನಾವು ಅದನ್ನು ಬಿಟ್ಟು ಶೃಂಗೇರಿಯ 1346ರ ದಾನಶಾಸನವನ್ನು ಆರಿಸಿಕೊಂಡೆವು. ದ್ರವ್ಯಗಳು ಒಂಬತ್ತು, ಗುಣಗಳು ಇಪ್ಪತ್ತನಾಲ್ಕು ಎಂದು ತರ್ಕಸಂಗ್ರಹವನ್ನು ಪಾಠ ಹೇಳುವ ಊರಿಗೆ ಈ ವಿದ್ಯೆ ತೀರ ಪರಕೀಯವೇನೂ ಅಲ್ಲ.

ಮೊದಲು ವ್ಯಕ್ತಿ, ಗ್ರಾಮ, ದಾನ ಎಂಬ ವರ್ಗಗಳು. ಅನಂತರ ಅವುಗಳ ಸಂಬಂಧಗಳು. ಕಡೆಗೆ ಹರಿಹರ, ಬುಕ್ಕ, ಭಾರತೀತೀರ್ಥ ಮೊದಲಾದ ವಿಶೇಷಗಳು. ಕಲಿಯುವವರು ‘ದಾತೃ’ ಎಂಬುದನ್ನೂ ಒಂದು ವರ್ಗವನ್ನಾಗಿ ಮಾಡಲು ಹೊರಡುವುದುಂಟು. ಆದರೆ ಹರಿಹರನು ದಾತೃವಾಗಿರುವುದು ಆ ದಾನದ ಮಟ್ಟಿಗೆ ಮಾತ್ರ. ಆದ್ದರಿಂದ ಅದನ್ನು ಸಂಬಂಧವೆಂದು ಎಣಿಸುವುದೇ ಲೇಸು.

ಈ ಶಾಸನದಲ್ಲಿ ವಿದ್ಯಾರಣ್ಯರ ಹೆಸರಿಲ್ಲ. ಪ್ರೊಟೆಜೆಯು ಬಳಸುವ, 2004ರಲ್ಲಿ ಅಧಿಕೃತ ಮನ್ನಣೆ ಪಡೆದ ‘ಔಲ್’ ಭಾಷೆಯಲ್ಲಿ ಹೇಳದಿರುವುದು ಸುಳ್ಳೆಂದಾಗುವುದಿಲ್ಲ. ಅದು ಅನಿಶ್ಚಿತ, ಅಷ್ಟೆ. ಶಾಸನದ ಮೌನವನ್ನೇ ಪ್ರಮಾಣವಾಗಿ ಹಿಡಿಯುವವರು ಇದನ್ನು ಗಮನಿಸಬೇಕು. ಮೌನವು ಅವರ ಎದುರಾಳಿಗಳಿಗೂ ಪ್ರಮಾಣವಾಗದೆಂಬುದು ಬೇರೆ ಮಾತು.

ಇನ್ನೂ ತೊಡಕಿನದು ಹೆಸರಿನ ಪ್ರಶ್ನೆ. ಹೆಸರುಗಳು ಎರಡಾದ ಮಾತ್ರಕ್ಕೆ ವ್ಯಕ್ತಿಗಳು ಇಬ್ಬರೆಂದು ಈ ಭಾಷೆ ಭಾವಿಸುವುದಿಲ್ಲ. ಸಾಯಣನ ಅಣ್ಣ ಮಾಧವಾಚಾರ್ಯನು ಭಾರದ್ವಾಜ ಗೋತ್ರದವನು, ಮಾಯಣನ ಮಗ; ಮಾಧವಮಂತ್ರಿಯು ಆಂಗಿರಸ ಗೋತ್ರದವನು, ಚೌಂಡಿಭಟ್ಟನ ಮಗ. ಇವರಿಬ್ಬರೂ ಒಬ್ಬನೇ ಎಂದು ಬರೆದು, ಒಬ್ಬನಿಗೆ ಒಬ್ಬನೇ ತಂದೆಯೆಂಬ ನಿಯಮವನ್ನೂ ಕೊಟ್ಟೆವೆನ್ನೋಣ. ತಂತ್ರಾಂಶವು ಆಕ್ಷೇಪಿಸುವುದಿಲ್ಲ, ಮಾಯಣನೂ ಚೌಂಡಿಭಟ್ಟನೂ ಒಬ್ಬನೇ ಎಂದು ನಿರ್ಣಯಿಸಿಬಿಡುತ್ತದೆ! ತಂದೆಯರು ಭಿನ್ನರೆಂದು ನಾವೇ ವಿಧಿಸಿದ ಮೇಲಷ್ಟೆ ವಿರೋಧವು ಹೊರಬೀಳುವುದು. ಈ ಇಬ್ಬರನ್ನು ಬೆರೆಸಿದ ಹಳೆಯ ಗ್ರಂಥಗಳಲ್ಲಿ ನಡೆದಿರುವುದೂ ಹೆಚ್ಚುಕಡಿಮೆ ಇದೇ.

ಮಾಧವಾಚಾರ್ಯನೇ ಸಂನ್ಯಾಸಾನಂತರ ವಿದ್ಯಾರಣ್ಯರಾದರೆಂಬುದು ಮಠದ ಸಂಪ್ರದಾಯ. ಕೆಲವು ವಿದ್ವಾಂಸರು ಇದನ್ನು ಸಂಶಯಿಸಿದ್ದಾರೆ. ‘ಅಭಿನ್ನ’ವೆಂದು ಒಮ್ಮೆ ಗುರುತಿಸಿದರೆ ಒಬ್ಬರ ಕೃತಿ, ಬಂಧುತ್ವ, ಕಾಲಗಳೆಲ್ಲ ಮತ್ತೊಬ್ಬರಿಗೆ ಸಂದುಹೋಗುವುವು; ಸಂಶಯಕ್ಕೆ ಅಲ್ಲಿ ಎಡೆಯಿಲ್ಲ. ಆದುದರಿಂದ ಇಬ್ಬರನ್ನೂ ಬೇರೆಯಾಗಿಯೇ ನಮೂದಿಸಿ, ಅಭೇದವನ್ನು ‘ಪ್ರತಿಪಾದನೆ’ ಎಂಬ ಇನ್ನೊಂದು ವರ್ಗದಲ್ಲಿ, ಅದನ್ನು ಹೇಳುವ ಗ್ರಂಥ ಮತ್ತು ಕಾಲದೊಡನೆ ಸೇರಿಸಿದ್ದೇವೆ. ಕೆಲಸ ಇಮ್ಮಡಿಯಾಯಿತು, ನಿಜ.

ಮಠದ ಕಡತಗಳಿಗೆ ಈ ಕ್ರಮವನ್ನು ಅನ್ವಯಿಸುವಾಗ ತೊಡಕು ತಿರುಗುಮುರುಗಾಗುತ್ತದೆ: ಅಲ್ಲಿ ಸಚ್ಚಿದಾನಂದ ಭಾರತಿ ಎಂಬ ಒಂದೇ ಹೆಸರಿನ ಗುರುಗಳು ಮೂವರು. ಟಿಪ್ಪುವಿನ ಪತ್ರಗಳು 1770ರಿಂದ 1814ರವರೆಗೆ ಪೀಠದಲ್ಲಿದ್ದ ಮೂರನೆಯವರಿಗೆ ಸಂದವು.