‘ನಿರಾಶ್ರಿತ’ ಶಬ್ದವೂ ಜತ್ತ ಸೀಮೆಯ ಗುಳೆಯೂ

‘ನಿರಾಶ್ರಿತ’ ಎಂದರೆ ಮನೆಯಿಲ್ಲದವನೆಂದು ನಾವು ಶಿಕ್ಷಕರು ಮಕ್ಕಳಿಗೆ ಅರ್ಥ ಹೇಳಿ ಮುಂದಿನ ಶಬ್ದಕ್ಕೆ ಹೋಗಿಬಿಡುತ್ತೇವೆ. ಶಬ್ದದ ಮೂಲವನ್ನು ಶೋಧಿಸಿದರೆ ಅಲ್ಲಿ ಮನೆಯೂ ಇಲ್ಲ, ಮಾಡೂ ಇಲ್ಲ. ‘ಶ್ರಿ’ ಧಾತುವಿಗೆ ಒರಗು, ಅವಲಂಬಿಸು ಎಂದರ್ಥ. ನಮ್ಮ ‘ಆಸರೆ’ ಆಶ್ರಯದ ತದ್ಭವ. ಮರಾಠಿಯ ‘ಆಸರಾ’ ಅದರ ಒಡಹುಟ್ಟು. 941ರ ಸುಮಾರಿಗೆ ಕಾವ್ಯ ರಚಿಸಿದ ಪಂಪನು ಅರಿಕೇಸರಿಯ ಆಶ್ರಯದಲ್ಲಿದ್ದನೆಂದರೆ, ಅರಸನ ಮನೆಯಲ್ಲಿ ಬಿಡಾರ ಹೂಡಿದ್ದನೆಂದು ಯಾರೂ ತಿಳಿಯರಷ್ಟೆ.

1947ರ ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡು ಬಂದವರನ್ನು ಹಿಂದಿ ‘ಶರಣಾರ್ಥಿ’ ಎಂದಿತು, ಮರಾಠಿ ‘ನಿರ್ವಾಸಿತ’ ಎಂದಿತು, ಕನ್ನಡ ‘ನಿರಾಶ್ರಿತ’ ಎಂದಿತು. ಮೊದಲನೆಯದು ಅವರ ಬೇಡಿಕೆಯನ್ನು ಹೇಳುತ್ತದೆ. ಎರಡನೆಯದು, ಅವರನ್ನು ಯಾರೋ ಹೊರಗಟ್ಟಿದರೆಂಬುದನ್ನು. ನಮ್ಮದು ಇಲ್ಲದಿರುವುದನ್ನಷ್ಟೇ ಹೇಳುತ್ತದೆ. ಇಲ್ಲಿ ಮರಾಠಿಯ ಶಬ್ದವೇ ಹೆಚ್ಚು ನ್ಯಾಯವಾದುದೆಂದು ನಮಗೆ ತೋರುತ್ತದೆ. ಕನ್ನಡ ಶಾಲೆಯ ಮಾಸ್ತರರು ಹೀಗೆನ್ನಬಹುದೇ ಎಂದು ಯಾರೂ ಮುನಿಯಬಾರದು. ತರುವಾಯ ಕರ್ನಾಟಕದಲ್ಲಿ ಭಿಕ್ಷುಕರನ್ನಿರಿಸುವ ಸ್ಥಳಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ವೆಂದೇ ಹೆಸರಾಯಿತು. ಗಡಿ ದಾಟಿ ಬಂದವನಿಗೂ ಬೀದಿಯಲ್ಲಿ ಕೈಯೊಡ್ಡಿದವನಿಗೂ ಒಂದೇ ಶಬ್ದ!

ಇನ್ನು ನಮ್ಮ ಜತ್ತ. ಡಫಳೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದನ್ನೊಳಗೊಂಡ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗಲಿಯೆಂದು ಹೆಸರಾಯಿತು. ಆಡಳಿತದ ಹೆಸರು ಬದಲಾದರೂ ಮಳೆಯ ಸ್ವಭಾವ ಬದಲಾಗಲಿಲ್ಲ. ಮುಕಾದಮನಿಂದ ಉಚಲು ಪಡೆದು ಕಬ್ಬು ಕಡಿಯಲು ಹೋಗುವ ಕುಟುಂಬಗಳು ತಿಂಗಳುಗಟ್ಟಲೆ ಕಾರಖಾನೆಯ ಸೀಮೆಯ ಗುಡಿಸಲುಗಳಲ್ಲಿರುತ್ತವೆ. ಇವರು ನಿರಾಶ್ರಿತರೇ? ಊರಲ್ಲಿ ಮನೆಯಿದೆ, ಬಾಗಿಲಿಗೆ ಬೀಗವಿದೆ, ಬೀಗದ ಕೈ ನೆರೆಮನೆಯವರಲ್ಲಿದೆ. ಸರಕಾರಿ ಮರಾಠಿ ಅವರ ಮಕ್ಕಳನ್ನು ‘ಸ್ಥಲಾಂತರಿತ’ ಎನ್ನುತ್ತದೆ. ಅದು ಸುಳ್ಳಲ್ಲ, ಆದರೆ ಸ್ಥಳ ಬದಲಿಸಿದ್ದೇಕೆಂಬುದು ಅದರಲ್ಲಿಲ್ಲ. ಜನರ ಬಾಯಲ್ಲಿರುವುದು ‘ಗುಳೆ’. ಬರ, ಸಾಲ, ಮರಳಿ ಬರುವ ಆಸೆ ಇವೆಲ್ಲ ಆ ಎರಡಕ್ಷರದಲ್ಲಿ ಅಡಗಿವೆ.

ನಿಜವಾಗಿ ಒರಗಲು ಯಾರೂ ಇಲ್ಲದವನಿಗೆ ನಮ್ಮ ಆಡುನುಡಿಯಲ್ಲಿ ಇನ್ನೊಂದು ಶಬ್ದವಿದೆ: ‘ಪರದೇಶಿ’. ಮರಾಠಿಯವರಿಗೆ ಪರದೇಶಿಯೆಂದರೆ ಬೇರೆ ದೇಶದವನು. ನಮ್ಮ ಅಜ್ಜಿಯರಿಗೆ ತಾಯಿತಂದೆ ಇಲ್ಲದ ಕೂಸು, ಅದು ಹುಟ್ಟಿದೂರಲ್ಲೇ ಇದ್ದರೂ. ತಂದೆತಾಯಿ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದು ಶಾಲೆಗೆ ಬರುವ ಹುಡುಗಿಯನ್ನು ಮಾತ್ರ ಅವರು ಪರದೇಶಿ ಎನ್ನುವುದಿಲ್ಲ.